ಮಗನ ಕಾಲೇಜು ಗ್ರೇಡು ಅಮ್ಮನಿಗೆ ಯಾಕೆ ಹೇಳುವುದಿಲ್ಲ?

ಅಮೆರಿಕದಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಶಾಲೆಯವರ ಜೊತೆ ಮ್ಯೂಸಿಯಂ ನೋಡಲು ಹೋಗಬೇಕಾದರೆ ಅಪ್ಪನೋ ಅಮ್ಮನೋ ಸಹಿ ಹಾಕಿ ಕಳಿಸಬೇಕು. ಅದೇ ಹುಡುಗ ಮಧ್ಯಾಹ್ನ ಪಕ್ಕದ ಕಮ್ಯುನಿಟಿ ಕಾಲೇಜಿನಲ್ಲಿ (ಸ್ಥಳೀಯರಿಗಾಗಿ ಇರುವ ಎರಡು ವರ್ಷದ ಸಾರ್ವಜನಿಕ ಕಾಲೇಜು) ಕ್ಯಾಲ್ಕುಲಸ್ ತರಗತಿಗೆ ಹೋಗುತ್ತಿದ್ದರೆ, ಅಲ್ಲಿ ಅವನಿಗೆ ಬಂದ ಗ್ರೇಡನ್ನು ಅಮ್ಮನಿಗೆ ಹೇಳಲು ಕಾಲೇಜಿನವರು ಅವನ ಸಹಿ ಕೇಳುತ್ತಾರೆ. ಹುಡುಗ ಒಬ್ಬನೇ, ವಯಸ್ಸೂ ಒಂದೇ. ಆದರೂ ಶಾಲೆಯ ದಾಖಲೆಗಳ ಮೇಲಿನ ಹಕ್ಕು ತಂದೆ-ತಾಯಿಯದು, ಕಾಲೇಜಿನ ದಾಖಲೆಗಳ ಮೇಲಿನ ಹಕ್ಕು ಹುಡುಗನದು.

ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಕೋರ್ಸ್ ಮಾಡಿ, ಎರಡೂ ಕಡೆ ಲೆಕ್ಕಕ್ಕೆ ಬರುವ ಕ್ರೆಡಿಟ್ ಗಳಿಸುವ ಈ ಪದ್ಧತಿಗೆ ಡ್ಯುಯಲ್ ಎನ್‌ರೋಲ್‌ಮೆಂಟ್ ಎನ್ನುತ್ತಾರೆ. 1985ರಲ್ಲಿ ಮಿನ್ನೆಸೋಟ ಇದನ್ನು ರಾಜ್ಯಮಟ್ಟದಲ್ಲಿ ಶುರು ಮಾಡಿತು. ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್ ಎಂಬ ಇಂಥದೇ ಯೋಜನೆಗೆ 1990ರ ಕಾನೂನು ದಾರಿ ಮಾಡಿಕೊಟ್ಟಿತು. ಒಹಾಯೋದ ಕಾಲೇಜ್ ಕ್ರೆಡಿಟ್ ಪ್ಲಸ್ 2015ರಲ್ಲಿ ಬಂತು, ಕ್ಯಾಲಿಫೋರ್ನಿಯಾ ಕೂಡ ಅದೇ ವರ್ಷ ಶಾಲೆ-ಕಾಲೇಜುಗಳ ನಡುವಿನ ಒಪ್ಪಂದಗಳಿಗೆ ಹೊಸ ಕಾನೂನು ಮಾಡಿತು. 2022-23ರಲ್ಲಿ ದೇಶದಾದ್ಯಂತ ಸುಮಾರು 25 ಲಕ್ಷ ಹೈಸ್ಕೂಲ್ ಮಕ್ಕಳು ಹೀಗೆ ಕಾಲೇಜು ಕೋರ್ಸುಗಳಲ್ಲಿ ಇದ್ದರು. ಕಮ್ಯುನಿಟಿ ಕಾಲೇಜುಗಳಲ್ಲಂತೂ ಈಗ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಹೈಸ್ಕೂಲಿನವರು.

ಕುಪರ್ಟಿನೋ, ಫ್ರೀಮಾಂಟ್, ಬೆಲ್‌ವ್ಯೂ, ಪ್ಲೇನೋ ಕಡೆಯ ಕನ್ನಡದ ಮನೆಗಳಲ್ಲಿ ಇದು ದಿನನಿತ್ಯದ ಮಾತು. ಫೀಸು ಬಹುಪಾಲು ಕಡೆ ಇಲ್ಲ ಅಥವಾ ತೀರಾ ಕಡಿಮೆ. ಡಿಗ್ರಿ ಒಂದು ವರ್ಷ ಮೊದಲೇ ಮುಗಿಸಬಹುದು ಎಂಬ ಲೆಕ್ಕಾಚಾರ ಬೇರೆ. ಶಾಲೆಯಲ್ಲಿ ಸಿಗದ ಲಿನಿಯರ್ ಆಲ್ಜಿಬ್ರಾವೋ ಪೈಥಾನೋ ಅಲ್ಲಿ ಸಿಗುತ್ತದೆ. ವಾರಾಂತ್ಯದ ಊಟಗಳಲ್ಲಿ "ನಿಮ್ಮ ಮಗಳು ಎಷ್ಟು ಯೂನಿಟ್ ತಗೊಂಡಿದ್ದಾಳೆ?" ಎಂಬ ಪ್ರಶ್ನೆ ಮೊದಲು ಬರುತ್ತದೆ. ಆ ಯೂನಿಟ್‌ಗಳ, ಅಂದರೆ ಕ್ರೆಡಿಟ್‌ಗಳ, ಕಾಗದಪತ್ರ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆ ಬರುವುದು ಏನಾದರೂ ಎಡವಟ್ಟಾದ ಮೇಲೆಯೇ.

ಎಲ್ಲದರ ಮೂಲದಲ್ಲಿ ಇರುವುದು 1974ರ ಒಂದು ಕೇಂದ್ರ ಕಾನೂನು: ಫ್ಯಾಮಿಲಿ ಎಜುಕೇಷನಲ್ ರೈಟ್ಸ್ ಅಂಡ್ ಪ್ರೈವೆಸಿ ಆ್ಯಕ್ಟ್, ಎಲ್ಲರೂ ಕರೆಯುವ ಹಾಗೆ ಫೆರ್ಪಾ. ನ್ಯೂಯಾರ್ಕ್‌ನ ಸೆನೆಟರ್ ಜೇಮ್ಸ್ ಬಕ್ಲಿ ತಂದ ತಿದ್ದುಪಡಿ ಅದು, ಸಹಿ ಹಾಕಿದ್ದು ಅಧ್ಯಕ್ಷ ಫೋರ್ಡ್. ಕೇಂದ್ರದ ಶಿಕ್ಷಣ ಇಲಾಖೆಯಿಂದ ಹಣ ಪಡೆಯುವ ಎಲ್ಲ ಶಾಲೆ-ಕಾಲೇಜುಗಳಿಗೂ ಅನ್ವಯ. ಶಾಲೆಗಳು ಮಕ್ಕಳ ಬಗ್ಗೆ ಏನೇನು ಬರೆದಿಟ್ಟುಕೊಂಡಿವೆ ಎಂಬುದನ್ನು ತಂದೆ-ತಾಯಿಗೆ ನೋಡಲು ಬಿಡುತ್ತಿರಲಿಲ್ಲ ಎಂಬ ಸಿಟ್ಟಿನಿಂದ ಹುಟ್ಟಿದ ಕಾನೂನು ಇದು. ಕೇಳಿದ 45 ದಿನಗಳೊಳಗೆ ದಾಖಲೆ ತೋರಿಸಬೇಕು, ತಪ್ಪಿದ್ದರೆ ತಿದ್ದಿ ಎಂದು ಕೇಳಬಹುದು, ಬೇರೆಯವರಿಗೆ ಕೊಡುವ ಮುನ್ನ ಲಿಖಿತ ಒಪ್ಪಿಗೆ ಬೇಕು. ಅಂದರೆ ಇಂದು ಅಪ್ಪ-ಅಮ್ಮನನ್ನು ಕೌಂಟರಿನಿಂದ ವಾಪಸ್ ಕಳಿಸಲು ಬಳಕೆಯಾಗುವ ಕಾನೂನು ಹುಟ್ಟಿದ್ದೇ ಅಪ್ಪ-ಅಮ್ಮನನ್ನು ಒಳಗೆ ಬಿಡುವುದಕ್ಕೆ.

ತೊಡಕು ಇರುವುದು ಒಂದು ಸಾಲಿನಲ್ಲಿ. ಈ ಹಕ್ಕುಗಳು ತಂದೆ-ತಾಯಿಯಿಂದ ವಿದ್ಯಾರ್ಥಿಗೆ ದಾಟುವುದು ಅವನಿಗೆ 18 ತುಂಬಿದಾಗ, ಇಲ್ಲವೇ ಯಾವ ವಯಸ್ಸಿನಲ್ಲಾದರೂ ಸರಿ, ಹೈಸ್ಕೂಲಿಗಿಂತ ಮೇಲಿನ ಸಂಸ್ಥೆಯಲ್ಲಿ ಓದಲು ಶುರು ಮಾಡಿದಾಗ. 1974ರಲ್ಲಿ ರಾಜ್ಯಮಟ್ಟದ ಡ್ಯುಯಲ್ ಎನ್‌ರೋಲ್‌ಮೆಂಟ್ ಇನ್ನೂ ಹುಟ್ಟಿರಲಿಲ್ಲ. ಆ ಸಾಲು ಬರೆದವರ ಕಣ್ಣ ಮುಂದೆ ಇದ್ದದ್ದು 17ಕ್ಕೇ ಹೈಸ್ಕೂಲ್ ಮುಗಿಸಿ ಹಾಸ್ಟೆಲ್ ಸೇರಿದ ಹುಡುಗ-ಹುಡುಗಿಯರು ಎಂದು ಊಹಿಸಬಹುದು. ಒಹಾಯೋದಲ್ಲಿ ಈಗ ಏಳನೇ ತರಗತಿಯ ಮಕ್ಕಳೂ ಕಾಲೇಜು ಕೋರ್ಸ್ ತೆಗೆದುಕೊಳ್ಳಬಹುದು. ಹನ್ನೆರಡು ವರ್ಷದ ಆ ಮಗುವಿನಿಂದ ವೆಬ್‌ಸೈಟ್ ನಡೆಸುವ ಕಂಪನಿಯೊಂದು ಮಾಹಿತಿ ಪಡೆಯಬೇಕಾದರೆ ತಂದೆ-ತಾಯಿಯ ಒಪ್ಪಿಗೆ ಬೇಕು, ಏಕೆಂದರೆ ಮಕ್ಕಳ ಆನ್‌ಲೈನ್ ಖಾಸಗಿತನದ ಕಾನೂನು 13 ವರ್ಷದೊಳಗಿನವರಿಗೆ ಹಾಗೆ ಹೇಳುತ್ತದೆ. ಅದೇ ಮಗುವಿನ ಕಾಲೇಜು ದಾಖಲೆಯನ್ನು ತಂದೆ-ತಾಯಿ ನೋಡಬೇಕಾದರೆ ಸಾಮಾನ್ಯವಾಗಿ ಮಗುವಿನ ಒಪ್ಪಿಗೆ ಬೇಕು. ಎರಡೂ ಕೇಂದ್ರದ ಕಾನೂನುಗಳೇ!

ಕೌಂಟರಿನಲ್ಲಿ ಏನಾಗುತ್ತದೆ ನೋಡಿ. ಬೇ ಏರಿಯಾದ ಒಂದು ಕಾಲೇಜಿನ ರಿಜಿಸ್ಟ್ರಾರ್ ಕಚೇರಿಗೆ ನನ್ನ ಪರಿಚಯದ ಒಬ್ಬರು ಹೋಗಿದ್ದರು. ಮಗ ಹನ್ನೊಂದನೇ ತರಗತಿ, ಅಲ್ಲಿ ಎಕನಾಮಿಕ್ಸ್ ತೆಗೆದುಕೊಂಡಿದ್ದ. ಕೆಲವು ವಾರಗಳಿಂದ ತರಗತಿಗೆ ಹೋಗುತ್ತಿಲ್ಲವೇನೋ ಎಂಬ ಅನುಮಾನ ಅವರಿಗೆ. ಕೌಂಟರಿನ ಹುಡುಗಿ ಮೃದುವಾಗಿಯೇ ಹೇಳಿದಳಂತೆ: ಆ ಹೆಸರಿನ ವಿದ್ಯಾರ್ಥಿ ಇಲ್ಲಿ ಇದ್ದಾನೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು, ಫೆರ್ಪಾ. ಪ್ರೊಫೆಸರಿಗೆ ಹಾಕಿದ ಮೇಲ್‌ಗೂ ಅದೇ ಒಂದು ಸಾಲಿನ ಉತ್ತರ. ಸಂಜೆ ವಿಷಯ ಗೊತ್ತಾಗಿ ಮಗ, "ಅಮ್ಮ, ಕಾಲೇಜಲ್ಲಿ ಯಾರೂ ಹೀಗೆ ಮಾಡಲ್ಲ. ನನಗೆ ಎಷ್ಟು ಅವಮಾನ ಆಗತ್ತೆ ಗೊತ್ತಾ?" ಎಂದನಂತೆ. "ಅವಮಾನ ಆಮೇಲೆ ನೋಡ್ಕೊಳ್ಳೋಣ, ನೀನು ಕ್ಲಾಸಿಗೆ ಹೋಗ್ತಿದ್ದೀಯಾ ಇಲ್ವಾ, ಅದನ್ನ ಹೇಳು ಮೊದಲು" ಎಂದರು ಇವರು. ನಮ್ಮಲ್ಲಿ ಹಾಜರಿ ಕಡಿಮೆಯಾದರೆ ಪಿಯು ಕಾಲೇಜಿನಿಂದ ಮನೆಗೆ ಪತ್ರ ಬರುತ್ತಿದ್ದ ಕಾಲದಲ್ಲಿ ಓದಿದವರು ಅವರು.

ಆ ಹುಡುಗಿ ಹೇಳಿದ್ದು ಅವಳ ಕಚೇರಿಯ ನಿಯಮ ಇರಬಹುದು. ಕಾನೂನು ಅಷ್ಟು ಹೇಳುವುದಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ವಿದ್ಯಾರ್ಥಿ ತಂದೆ-ತಾಯಿಯ ಅವಲಂಬಿತ ಆಗಿದ್ದರೆ, ಅವನ ಒಪ್ಪಿಗೆ ಇಲ್ಲದೆಯೂ ಕಾಲೇಜು ಅವರಿಗೆ ದಾಖಲೆ ಕೊಡಬಹುದು ಎಂದು ಫೆರ್ಪಾ ನಿಯಮಗಳಲ್ಲೇ ಇದೆ. ಕೊಡಬಹುದು, ಕೊಡಲೇಬೇಕೆಂದಿಲ್ಲ. ಈಗ ಯೋಚಿಸಿ: ಮನೆಯಲ್ಲೇ ಇದ್ದು, ಹೈಸ್ಕೂಲ್ ಓದುತ್ತಿರುವ ಹದಿನಾರರ ಮಗ ಅವಲಂಬಿತ ಅಲ್ಲದಿರುವುದು ಎಷ್ಟು ಮನೆಗಳಲ್ಲಿ? ಇಪ್ಪತ್ತರ ಕಾಲೇಜು ವಿದ್ಯಾರ್ಥಿಯ ವಿಷಯದಲ್ಲಿ ಈ ವಿನಾಯಿತಿ ಸಂದರ್ಭ ನೋಡಿ ಅನ್ವಯವಾಗಬೇಕಾದದ್ದು. ಡ್ಯುಯಲ್ ಎನ್‌ರೋಲ್‌ಮೆಂಟ್ ಮಕ್ಕಳಿಗೆ ಅದು ಹೆಚ್ಚುಕಡಿಮೆ ಯಾವಾಗಲೂ ಅನ್ವಯವಾಗುತ್ತದೆ. ಆದ್ದರಿಂದ ಹೈಸ್ಕೂಲ್ ಮಗುವಿನ ವಿಷಯದಲ್ಲಿ "ಕೇಂದ್ರದ ಕಾನೂನು ಬಿಡುವುದಿಲ್ಲ" ಎಂಬ ಉತ್ತರ ಬಹುತೇಕ ತಪ್ಪು. "ನಾವು ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇವೆ" ಎಂಬುದು ಸರಿಯಾದ ಉತ್ತರ. ರಾಜ್ಯದ ಕಾನೂನು ಕೇಂದ್ರದ್ದಕ್ಕಿಂತ ಬಿಗಿಯಾಗಿ ಇರಬಹುದು, ಆಗ ಅದರ ಹೆಸರು ಹೇಳಬೇಕು.

ವಿನಾಯಿತಿ ಪಾಲಿಸುವ ಕಾಲೇಜುಗಳು ತೆರಿಗೆ ರಿಟರ್ನ್‌ನ ಮೊದಲ ಪುಟ ತನ್ನಿ ಎನ್ನುತ್ತವೆ. ಮಗನ ಗ್ರೇಡು ನೋಡಲು ಅಪ್ಪ ತನ್ನ ಸಂಬಳ ತೋರಿಸಬೇಕು! ಹಣದ ಅಂಕಿಗಳ ಮೇಲೆ ಕಪ್ಪು ಮಸಿ ಹಚ್ಚಿ ಕೊಟ್ಟರೂ ಸಾಮಾನ್ಯವಾಗಿ ಒಪ್ಪುತ್ತಾರೆ, ಅವರಿಗೆ ಬೇಕಿರುವುದು ಅವಲಂಬಿತರ ಸಾಲಿನಲ್ಲಿ ಮಗನ ಹೆಸರು ಮಾತ್ರ.

ಎರಡನೆಯ ಬಾಗಿಲು ಹೈಸ್ಕೂಲಿನದು, ಅದನ್ನು ತಟ್ಟುವವರು ಕಡಿಮೆ. ಎರಡೂ ಕಡೆ ಓದುತ್ತಿರುವ ವಿದ್ಯಾರ್ಥಿಯ ಬಗ್ಗೆ ಶಾಲೆ ಮತ್ತು ಕಾಲೇಜು ಪರಸ್ಪರ ಮಾಹಿತಿ ಹಂಚಿಕೊಳ್ಳಬಹುದು, ಅದಕ್ಕೂ ಒಪ್ಪಿಗೆ ಬೇಡ. ಮಗುವಿಗೆ 18 ತುಂಬಿಲ್ಲದಿದ್ದರೆ, ಕಾಲೇಜು ಶಾಲೆಗೆ ಕಳಿಸಿದ ದಾಖಲೆಯನ್ನು ಅಲ್ಲಿ ನೋಡುವ ಹಕ್ಕು ತಂದೆ-ತಾಯಿಗೆ ಇದ್ದೇ ಇದೆ. ಅದು ಕೃಪೆಯಲ್ಲ, ಹಕ್ಕು. ಶಿಕ್ಷಣ ಇಲಾಖೆಯೇ ಇದನ್ನು ಸ್ಪಷ್ಟಪಡಿಸಿದೆ. ಕಾಲೇಜಿನ ಕೋರ್ಸನ್ನು ಹೈಸ್ಕೂಲಿನ ಕೋಣೆಯಲ್ಲೇ, ಹೈಸ್ಕೂಲಿನ ಮೇಷ್ಟ್ರೇ ಕಲಿಸುವ ಕಡೆಗಳಲ್ಲಿ ಇದು ಇನ್ನೂ ಸಲೀಸು, ಏಕೆಂದರೆ ಅಂಕಗಳು ಶಾಲೆಯ ಪುಸ್ತಕದಲ್ಲೂ ಇರುತ್ತವೆ.

ಆದರೆ ಈ ಬಾಗಿಲಿನ ಹಿಂದೆ ಕ್ಯಾಲೆಂಡರ್ ಅಡ್ಡ ನಿಂತಿದೆ. ಕಾಲೇಜು ಹೈಸ್ಕೂಲಿಗೆ ಕಳಿಸುವುದು ಹೆಚ್ಚಾಗಿ ಕೊನೆಯ ಗ್ರೇಡನ್ನು, ಕೋರ್ಸ್ ಮುಗಿದ ಮೇಲೆ. ಡಿ ಆ್ಯಂಜಾ, ಫುಟ್‌ಹಿಲ್‌ನಂಥ ಕಾಲೇಜುಗಳಲ್ಲಿ ಕ್ವಾರ್ಟರ್ ಪದ್ಧತಿ, ಹನ್ನೆರಡು ವಾರದಲ್ಲಿ ಎಲ್ಲ ಮುಗಿದುಹೋಗುತ್ತದೆ. ಗುರುತಿಲ್ಲದಂತೆ ಕೋರ್ಸ್ ಕೈಬಿಡಲು ಇರುವುದು ಮೊದಲ ಕೆಲವೇ ವಾರ. ಆಮೇಲೆ ಬಿಟ್ಟರೆ ಡಬ್ಲ್ಯೂ ಎಂಬ ಗುರುತು ಬೀಳುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಅವಧಿಯ ಮುಕ್ಕಾಲು ಭಾಗ ಕಳೆಯುವುದರೊಳಗೆ ಅರ್ಜಿ ಹಾಕಿರಬೇಕು. ಅಲ್ಲಿಂದಾಚೆ ಬಂದದ್ದೇ ಗ್ರೇಡು. ಹೈಸ್ಕೂಲಿನ ಕೌನ್ಸೆಲರ್ ಮೂಲಕ ಅಮ್ಮನಿಗೆ ಎಫ್, ಅಂದರೆ ಫೇಲ್, ಕಾಣುವ ಹೊತ್ತಿಗೆ ಯಾರೂ ಏನೂ ಮಾಡುವಂತಿರುವುದಿಲ್ಲ.

ಆ ಎಫ್ ಹೈಸ್ಕೂಲಿನ ಕಿರುಪರೀಕ್ಷೆಯ ಅಂಕದ ಹಾಗಲ್ಲ. ಅದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಎಂಬ ಅಂಕಪಟ್ಟಿಯಲ್ಲಿ ಉಳಿಯುತ್ತದೆ. ಮುಂದೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜು ಕೋರ್ಸುಗಳನ್ನೂ, ಗ್ರೇಡ್ ಹೇಗೇ ಇರಲಿ, ತಿಳಿಸಲೇಬೇಕು. ಒಹಾಯೋದಲ್ಲಿ ಇನ್ನೊಂದು ಏಟು: ಮಗು ಫೇಲಾದರೆ ಅಥವಾ ಗಡುವು ದಾಟಿ ಕೋರ್ಸ್ ಬಿಟ್ಟರೆ, ಅದಕ್ಕೆ ಕೊಟ್ಟ ಹಣವನ್ನು ಶಾಲಾ ಜಿಲ್ಲೆ (ಅಲ್ಲಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಮನೆಯವರಿಂದ ವಸೂಲಿ ಮಾಡಬಹುದು, ಬಡ ಕುಟುಂಬಗಳಿಗೆ ಮಾತ್ರ ರಿಯಾಯಿತಿ. ದಾಖಲೆ ನೋಡುವ ಹಕ್ಕು ಮಗುವಿನದು, ಬಿಲ್ಲು ಮಾತ್ರ ಮನೆಗೆ.

ಹಾಗಾದರೆ ಕಾಲೇಜುಗಳು ಸುಮ್ಮನೆ ಹಟ ಹಿಡಿದಿವೆಯೇ? ಹಾಗೂ ಹೇಳಲಾಗದು. ನೂರಾರು ವಿದ್ಯಾರ್ಥಿಗಳಿಗೆ ಪಾಠ ಹೇಳುವ, ಎರಡು-ಮೂರು ಕಾಲೇಜುಗಳ ನಡುವೆ ಓಡಾಡುವ ಅರೆಕಾಲಿಕ ಅಧ್ಯಾಪಕರು ಅಲ್ಲಿ ಬಹಳ. ಫೋನಿನಲ್ಲಿ ಮಾತಾಡುತ್ತಿರುವುದು ತಾಯಿಯೇ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದಿದ್ದರೆ ತಕರಾರು. ಯಾರಿಗೂ ಇಲ್ಲ ಎಂದುಬಿಟ್ಟರೆ ತಲೆನೋವಿಲ್ಲ. ಕಾನೂನಿನ ಪೆಟ್ಟು ಬೀಳುವ ರೀತಿಯೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಫೆರ್ಪಾ ಮುರಿದರೆಂದು ವಿದ್ಯಾರ್ಥಿಯಾಗಲಿ ತಂದೆ-ತಾಯಿಯಾಗಲಿ ನೇರವಾಗಿ ಪರಿಹಾರದ ದಾವೆ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ, ಗೊನ್ಜಾಗ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿತು. ಉಳಿದಿರುವ ದಾರಿ ಶಿಕ್ಷಣ ಇಲಾಖೆಗೆ ದೂರು, ಕೊನೆಯ ಅಸ್ತ್ರ ಕೇಂದ್ರದ ಹಣ ನಿಲ್ಲಿಸುವುದು. ಅಷ್ಟು ದೊಡ್ಡ ಗುಮ್ಮ ಎದುರಿಗೆ ಇರುವಾಗ ಕೌಂಟರಿನಲ್ಲಿ ಕೂತ ನೌಕರ ಯಾಕೆ ರಿಸ್ಕ್ ತಗೊಳ್ಳುತ್ತಾನೆ? ಹೇಳದೇ ಇದ್ದದ್ದಕ್ಕೆ ಯಾರೂ ಅವನನ್ನು ಕೇಳುವುದಿಲ್ಲ.

ಹೇಳದೇ ಇರುವುದೇ ಸುರಕ್ಷಿತ ಎಂಬ ಈ ಅಭ್ಯಾಸ ಎಷ್ಟು ದುಬಾರಿಯಾಗಬಹುದು ಎಂದು 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ ನಡೆಸಿದ ಹತ್ಯಾಕಾಂಡದ ನಂತರ ಆ ದೇಶ ಕಂಡಿತು. ಖಾಸಗಿತನದ ಕಾನೂನುಗಳ ಬಗೆಗಿನ ತಪ್ಪು ತಿಳಿವಳಿಕೆಯಿಂದ ಅವನ ಬಗೆಗಿನ ಮಾಹಿತಿ ಅಲ್ಲಲ್ಲೇ ಉಳಿದುಬಿಟ್ಟಿತ್ತು ಎಂದು ತನಿಖಾ ಸಮಿತಿ ಹೇಳಿತು. ಮರುವರ್ಷ ನಿಯಮ ತಿದ್ದಿ, ಆರೋಗ್ಯ ಅಥವಾ ಪ್ರಾಣಕ್ಕೆ ಅಪಾಯ ಕಂಡಾಗ ತಂದೆ-ತಾಯಿಗೂ ತಿಳಿಸಬಹುದು ಎಂಬ ಅವಕಾಶವನ್ನು ಸಡಿಲ ಮಾಡಿದರು. ಇನ್ನೊಂದು ವಿಷಯವನ್ನೂ ಬಹಳ ಅಧ್ಯಾಪಕರು ಮರೆಯುತ್ತಾರೆ. ಫೆರ್ಪಾ ಕಾಯುವುದು ದಾಖಲೆಗಳನ್ನು. ಹುಡುಗ ತರಗತಿಯಲ್ಲಿ ಅಳುತ್ತಾ ಕೂತದ್ದನ್ನು ಕಣ್ಣಾರೆ ಕಂಡ ಅಧ್ಯಾಪಕ ಅದನ್ನು ಹೇಳಲು ಆ ಕಾನೂನು ಅಡ್ಡ ಬರುವುದಿಲ್ಲ.

ಇಷ್ಟು ಹೇಳಿದ ಮೇಲೂ, ಹದಿನಾರರ ಹುಡುಗಿಯ ಕಡೆಗೆ ನಿಂತು ನೋಡಿದರೆ ಚಿತ್ರ ಬೇರೆ. ಇಂಗ್ಲಿಷ್ ಕಾಂಪೊಸಿಷನ್ ತರಗತಿಯಲ್ಲಿ ಸ್ವಂತ ಅನುಭವ ಬರೆಯಲು ಹೇಳುತ್ತಾರೆ. ಮನೆಯಲ್ಲಿ ಅಪ್ಪ-ಅಮ್ಮ ಜಗಳವಾಡುವುದನ್ನೋ, ದೇವರನ್ನು ನಂಬದಿರುವುದನ್ನೋ, ಮನೆಯಲ್ಲಿ ಹೇಳಿಕೊಳ್ಳಲಾಗದ ಇನ್ನೇನನ್ನೋ ಅವಳು ಬರೆದಿರಬಹುದು. ಕಾಲೇಜು ಇಟ್ಟುಕೊಂಡ ಆ ಪ್ರಬಂಧವೂ ದಾಖಲೆಯೇ. ಕೌನ್ಸೆಲಿಂಗ್ ಕೇಂದ್ರಕ್ಕೆ ಹೋಗಿ ಬಂದದ್ದು ಇನ್ನೂ ಸೂಕ್ಷ್ಮ. ನಮ್ಮ ಸಮುದಾಯಗಳಲ್ಲಿ ಒಬ್ಬರ ಮನೆಯ ಮಾತು ಶನಿವಾರದ ಕನ್ನಡ ಶಾಲೆಯ ಪಾರ್ಕಿಂಗ್ ಲಾಟಿಗೆ ಬರಲು ಎಷ್ಟು ಹೊತ್ತು ಬೇಕು ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಅಮ್ಮನಿಗೆ ಬೇಕಿರುವುದು ಗ್ರೇಡು ಮತ್ತು ಹಾಜರಿ. ಆದರೆ ಸಹಿ ಹಾಕಿಸಿಕೊಳ್ಳುವ ಫಾರಂನಲ್ಲಿ "ಎಲ್ಲ ದಾಖಲೆಗಳು" ಎಂಬ ಚೌಕಕ್ಕೆ ಟಿಕ್ ಹಾಕಿಸಿಬಿಡುತ್ತಾರೆ. ಯಾವ ದಾಖಲೆ, ಯಾರಿಗೆ, ಯಾಕೆ ಎಂದು ಆ ಒಪ್ಪಿಗೆಯಲ್ಲಿ ಬರೆಯಬೇಕು ಎಂದು ನಿಯಮವೇ ಹೇಳುತ್ತದೆ. ಗ್ರೇಡಿಗೆ ಒಪ್ಪಿ, ಉಳಿದದ್ದನ್ನು ಬಿಡಬಹುದು. ಊಟದ ಮೇಜಿನ ಮೇಲೆ ಪೆನ್ನು ಕೈಗೆ ಕೊಟ್ಟು ಹಾಕಿಸಿಕೊಂಡ ಸಹಿ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬುದನ್ನು ಮಾತ್ರ ಯಾವ ನಿಯಮವೂ ಅಳೆಯುವುದಿಲ್ಲ.

ಇದಕ್ಕಿಂತ ಕೆಟ್ಟ ದಾರಿ ಪಾಸ್‌ವರ್ಡ್ ತೆಗೆದುಕೊಳ್ಳುವುದು, ಅದನ್ನು ಮಾಡುವ ಮನೆಗಳು ಕಡಿಮೆಯೇನಲ್ಲ. ಹೈಸ್ಕೂಲಿನಲ್ಲಿ ಕ್ಯಾನ್ವಾಸ್ ತಂತ್ರಾಂಶದ ಪೇರೆಂಟ್ ಆ್ಯಪ್‌ಗೆ ಒಗ್ಗಿಹೋದ ತಂದೆ-ತಾಯಿ, ಮಗಳ ಹೋಂವರ್ಕ್ ತಡವಾದ ನಿಮಿಷದಲ್ಲಿ ಫೋನು ಟಿಣ್ ಎನ್ನುವುದನ್ನು ಕೇಳಿ ಅಭ್ಯಾಸವಾದವರು. ಕಾಲೇಜಿನಲ್ಲಿ ಆ ವೀಕ್ಷಕ ಖಾತೆ ಸಾಮಾನ್ಯವಾಗಿ ಇಲ್ಲದ್ದರಿಂದ ಮಗಳ ಲಾಗಿನ್‌ನಿಂದಲೇ ಒಳಗೆ ಹೋಗುತ್ತಾರೆ. ಆದರೆ ಅಲ್ಲಿ ಕಾಣುವುದು ಮಗಳದ್ದು ಮಾತ್ರವಲ್ಲ. ಚರ್ಚಾ ಪುಟದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಇರುತ್ತಾಳೆ, ಸೈನ್ಯದಿಂದ ಹಿಂತಿರುಗಿದವನು ಇರುತ್ತಾನೆ, ಎರಡು ಮಕ್ಕಳ ತಾಯಿ ಇರುತ್ತಾಳೆ. ತರಗತಿಯೊಳಗಿನ ಮಾತೆಂದು ನಂಬಿ ಬರೆದದ್ದನ್ನು ಹೊರಗಿನವರೊಬ್ಬರು ಓದುತ್ತಿದ್ದಾರೆ ಎಂದು ಅವರಿಗೆ ತಿಳಿಯುವುದೇ ಇಲ್ಲ. ಕಾಲೇಜು ಅಧ್ಯಾಪಕರು ಹೈಸ್ಕೂಲ್ ತಂದೆ-ತಾಯಿಗಳ ಬಗ್ಗೆ ಹುಷಾರಾಗಿರಲು ಇದೂ ಒಂದು ಕಾರಣ. ನನಗೆ ಇದು ನ್ಯಾಯವಾದ ಕಾರಣವಾಗಿಯೇ ಕಾಣುತ್ತದೆ.

ಕಲಿಕೆಯಲ್ಲಿ ವಿಶೇಷ ನೆರವು ಬೇಕಿರುವ ಮಕ್ಕಳ ಮನೆಗಳಿಗೆ ಇದು ಇನ್ನೂ ಜೋರಾಗಿ ತಟ್ಟುತ್ತದೆ. ಹೈಸ್ಕೂಲಿನಲ್ಲಿ ಐಇಪಿ ಎಂಬ ವೈಯಕ್ತಿಕ ಯೋಜನೆ ಇರುತ್ತದೆ. ಅದನ್ನು ಮಾಡುವ ಸಭೆಯಲ್ಲಿ ತಂದೆ-ತಾಯಿಗೆ ಕಾನೂನುಬದ್ಧ ಸ್ಥಾನ ಇದೆ, ಮಗುವಿನ ತೊಂದರೆಯನ್ನು ಗುರುತಿಸುವ ಹೊಣೆ ಶಾಲೆಯದು. ಕಾಲೇಜಿನಲ್ಲಿ ಆ ಹೊಣೆ ಮಗುವಿನದು. ತಾನೇ ಡಿಸೆಬಿಲಿಟಿ ಕಚೇರಿಗೆ ಹೋಗಿ, ತನಗೆ ಏನಿದೆ ಎಂದು ಹೇಳಿ, ದಾಖಲೆ ಕೊಟ್ಟು, ಹೆಚ್ಚಿನ ಸಮಯ ಕೇಳಬೇಕು. ಹತ್ತು ವರ್ಷ ಅಮ್ಮ ಮುಂದೆ ನಿಂತು ಮಾತಾಡಿದ ಮಗು ಒಂದು ಬೆಳಿಗ್ಗೆ ತಾನೇ ಮಾತಾಡಬೇಕು, ಅದೂ ಹೇಳಿಕೊಳ್ಳಲು ನಾಚುವ ವಯಸ್ಸಿನಲ್ಲಿ. ಕೇಳದಿದ್ದರೆ ಸಿಗುವುದಿಲ್ಲ, ಸಿಕ್ಕಿಲ್ಲವೆಂದು ಅಮ್ಮನಿಗೆ ಯಾರೂ ಹೇಳುವುದಿಲ್ಲ.

ರಾಜ್ಯಗಳು ಸುಮ್ಮನೆ ಕೂತಿಲ್ಲ. ಒಹಾಯೋ 2021ರ ಬಜೆಟ್ ಕಾನೂನಿನಲ್ಲಿ ಒಂದು ಅನುಮತಿ ಚೀಟಿ ಕಡ್ಡಾಯ ಮಾಡಿತು. ಕಾಲೇಜು ಕೋರ್ಸುಗಳಲ್ಲಿ ವಯಸ್ಕರ ವಿಷಯಗಳು ಬರಬಹುದು, ಮಗು ಇದೆಯೆಂದು ಪಾಠ ಬದಲಾಗುವುದಿಲ್ಲ ಎಂದು ಒಪ್ಪಿ ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಸಹಿ ಹಾಕಬೇಕು. ಪಾಠದಲ್ಲಿ ಏನಿರಬಹುದು ಎಂದು ಪೋಷಕರಿಗೆ ಮೊದಲೇ ಹೇಳಿ ಸಹಿ ಪಡೆಯುವ ವ್ಯವಸ್ಥೆ ಸಾಧ್ಯವಾದರೆ, ಅದೇ ಮೇಜಿನ ಮೇಲೆ ಇನ್ನೊಂದು ಹಾಳೆ ಇಡುವುದು ಕಷ್ಟವೇ? ಗ್ರೇಡು ಯಾರಿಗೆ ಗೊತ್ತಾಗುತ್ತದೆ, ಕೋರ್ಸ್ ಬಿಡುವ ಗಡುವು ಯಾವುದು, ಅದಕ್ಕೆ ಎರಡು ವಾರ ಮುಂಚೆ ಕಾಲೇಜು ಹೈಸ್ಕೂಲಿಗೆ ಮಧ್ಯಂತರ ಗ್ರೇಡು ಕಳಿಸುತ್ತದೆಯೇ ಇಲ್ಲವೇ. ಹೀಗೆ ಕಳಿಸಲು ಈಗಿರುವ ಕಾನೂನೇ ಸಾಕು. ಮಗುವಿನ ಪ್ರಬಂಧ, ಕೌನ್ಸೆಲಿಂಗ್ ಎಲ್ಲ ಅದರ ಬಳಿಯೇ ಉಳಿಯುತ್ತದೆ, ಗ್ರೇಡು ಮಾತ್ರ ಶಾಲೆಗೆ ಬರುತ್ತದೆ, ಶಾಲೆಯಲ್ಲಿ ಅಮ್ಮನಿಗೆ ಹಕ್ಕಿದೆ. ಎಲ್ಲ ಕಾಲೇಜುಗಳೂ ಹೀಗೆ ಮಾಡದಿರುವುದಕ್ಕೆ ಖಾಸಗಿತನ ಕಾರಣವಲ್ಲ, ಕೆಲಸ ಹೆಚ್ಚುತ್ತದೆ ಎಂಬುದೇ ಕಾರಣ ಎಂದು ನನ್ನ ಅನಿಸಿಕೆ.

ಖಾಸಗಿತನದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಬಿಡಲಾಗದು. ಸಂಸ್ಥೆಯ ಪರವಾಗಿ, ಅದರ ಹತೋಟಿಯಲ್ಲಿ ಕೆಲಸ ಮಾಡುವ ತಂತ್ರಾಂಶ ಕಂಪನಿಗಳಿಗೆ ವಿದ್ಯಾರ್ಥಿ ದಾಖಲೆ ಕೊಡಲು ಫೆರ್ಪಾ ಒಪ್ಪಿಗೆಯನ್ನೇ ಕೇಳುವುದಿಲ್ಲ. 2024ರ ಕೊನೆಯಲ್ಲಿ, ಶಾಲೆಗಳ ದಾಖಲೆ ಇಡುವ ತಂತ್ರಾಂಶದ ಪವರ್‌ಸ್ಕೂಲ್ ಕಂಪನಿಯ ವ್ಯವಸ್ಥೆಗೆ ಕನ್ನ ಬಿತ್ತು. ಅಮೆರಿಕ, ಕೆನಡಾಗಳ ಕೋಟ್ಯಂತರ ವಿದ್ಯಾರ್ಥಿಗಳ ಮಾಹಿತಿ ಹೋಯಿತು. ಆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡವನು ಮ್ಯಾಸಚೂಸೆಟ್ಸ್‌ನ ಹತ್ತೊಂಬತ್ತರ ಒಬ್ಬ ಕಾಲೇಜು ವಿದ್ಯಾರ್ಥಿ. ಅಮ್ಮ ಒಂದು ಗ್ರೇಡು ನೋಡುವುದಕ್ಕೆ ಇಷ್ಟು ಬೀಗ ಹಾಕಿದವರು ಹಿತ್ತಲ ಬಾಗಿಲ ಕಡೆಗೂ ಒಮ್ಮೆ ನೋಡಬಹುದಿತ್ತು.

ಊರಿನಲ್ಲಿ ಕೂತು ಇದನ್ನು ಓದುವವರಿಗೆ ಇದೆಲ್ಲ ಅತಿಯಾಯಿತು ಅನಿಸಬಹುದು. ನಮ್ಮ ಕಾನೂನು ಈಗ ಸರಿಯಾಗಿ ಎದುರು ದಿಕ್ಕಿಗೆ ಹೊರಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳು. ಅವರ ಡಿಜಿಟಲ್ ಮಾಹಿತಿ ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕು. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಪ್ರಕಟವಾದವು, ಮುಖ್ಯ ಭಾಗಗಳು ಜಾರಿಗೆ ಬರಲು 18 ತಿಂಗಳ ಅವಕಾಶ ಇದೆ. ಕಲಿಕೆ ಮತ್ತು ಸುರಕ್ಷತೆಗಾಗಿ ಮಕ್ಕಳ ಮೇಲೆ ನಿಗಾ ಇಡಲು ಶಿಕ್ಷಣ ಸಂಸ್ಥೆಗಳಿಗೆ ಅದರಲ್ಲೇ ವಿನಾಯಿತಿಯೂ ಸಿಕ್ಕಿದೆ. ಹಾಸನದಿಂದ ಬೆಂಗಳೂರಿಗೆ ಬಂದು ಪಿಜಿಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್ ಓದುತ್ತಿರುವ ಹದಿನೇಳೂವರೆಯ ಹುಡುಗಿ ಕುಪರ್ಟಿನೋದ ಹದಿನೈದರ ಹುಡುಗನಿಗಿಂತ ದೊಡ್ಡವಳು, ಮನೆ ಬಿಟ್ಟು ಬದುಕುತ್ತಿರುವವಳು. ಆದರೂ ಆ ಭಾಗಗಳು ಜಾರಿಗೆ ಬಂದ ಮೇಲೆ ಅಂಥವಳಿಗೆ ತನ್ನ ಮಾಹಿತಿಯ ಮೇಲೆ ಅವನಿಗಿಂತ ಕಡಿಮೆ ಮಾತಿರುತ್ತದೆ, ಮುಂದಿನ ಹುಟ್ಟುಹಬ್ಬದವರೆಗೆ. ಅಲ್ಲಿ ಕಾಲೇಜಿಗೆ ಕಾಲಿಟ್ಟರೆ ಸಾಕು, ವಯಸ್ಸು ಲೆಕ್ಕಕ್ಕಿಲ್ಲ. ಇಲ್ಲಿ ವಯಸ್ಸೇ ಎಲ್ಲ, ಕಾಲೇಜು ಲೆಕ್ಕಕ್ಕಿಲ್ಲ. ಹದಿನೈದರಿಂದ ಹದಿನೆಂಟರವರೆಗಿನ ವರ್ಷಗಳಿಗೆ ಸ್ವಲ್ಪ ಸ್ವಲ್ಪವಾಗಿ ಹಕ್ಕು ದಾಟಿಸುವ ವ್ಯವಸ್ಥೆಯನ್ನು ಎರಡೂ ಕಾನೂನುಗಳು ಯೋಚಿಸಿಲ್ಲ.